ಸಂಕಷ್ಟಿ ದಿನದ ಸಲಾಡು

ಶಾಮಿಯಾನದ ಕೆಲಸ ಮಾಡಿದವನಿಗೆ ಕ್ಯಾಲೆಂಡರಿನಲ್ಲಿ ಎರಡೇ ಥರದ ದಿನ. ಮುಹೂರ್ತ ಇರೋ ದಿನ, ಮುಹೂರ್ತ ಇಲ್ಲದ ದಿನ. ಮುಹೂರ್ತ ಇದ್ದರೆ ಗೋಡೌನಿನಲ್ಲಿ ಕೂತ್ಕೊಳ್ಳೋಕೆ ಒಂದು ಕುರ್ಚಿ ಉಳಿದಿರಲ್ಲ. ಇಲ್ಲದ ದಿನ ಹೋದರೆ ಕುರ್ಚಿ, ಮೇಜು, ಮೈಕು, ಲೋಟ ಎಲ್ಲಾ ಗೋಡೆಗೆ ಒರಗಿಕೊಂಡು ನಿದ್ದೆ ಮಾಡ್ತಿರುತ್ತವೆ. ಕೆಲಸ ಬಿಟ್ಟು ಮನೇಲಿ ಕೂತ ಮೇಲೂ ನನ್ನ ಕಣ್ಣು ಕ್ಯಾಲೆಂಡರಿನಲ್ಲಿ ಹುಡುಕೋದು ಅದನ್ನೇ. ಹುಣ್ಣಿಮೆ, ಏಕಾದಶಿ ಯಾವುದೂ ಕಾಣಲ್ಲ. ಈ ಅಭ್ಯಾಸದಿಂದಲೇ ನಾನು ಮೊಮ್ಮಗಳ ಮೊದಲನೇ ಸಲಾಡು ಕಾರ್ಯಕ್ರಮವನ್ನ ಇನ್ನೇನು ಮುಳುಗಿಸಿಬಿಟ್ಟಿದ್ದೆ. ಮುಳುಗಲಿಲ್ಲ. ಅದು ಹೇಗೆ ಅಂತ ನಾಲ್ಕು ಜನಕ್ಕೆ ಹೇಳದೆ ಇದ್ದರೆ ನನಗೆ ಊಟ ಸೇರಲ್ಲ, ಅದಕ್ಕೇ ಬರೀತಾ ಇದ್ದೀನಿ. ನಾಲ್ಕನೇ ಕ್ಲಾಸಿನ ಅಕ್ಷರ, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಮೊಮ್ಮಗಳು ಆಹಾರದ ವಿಷಯ ಓದಿ ಒಂದು ಆಸ್ಪತ್ರೆಯಲ್ಲಿ ಡಯೆಟ್ ಹೇಳುವ ಕೆಲಸ ಮಾಡ್ತಾಳೆ. ಬೆಳಗಿಂದ ಸಂಜೆ ತನಕ ಅವಳ ಬಾಯಲ್ಲಿ ಬರೋದು ಒಂದೇ ಮಾತು. ಅನ್ನ ತಿನ್ನಬೇಡಿ, ಸಕ್ಕರೆ ತಿನ್ನಬೇಡಿ, ಕರಿದದ್ದು ಮುಟ್ಟಲೇಬೇಡಿ. ಒಂದು ಸಂಜೆ ಚಪ್ಪಲಿ ಬಿಡುತ್ತಾ ಅಂದಳು, "ತಾತ, ವಾರಕ್ಕೊಂದು ದಿನ ಆದ್ರೂ ಯಾರಿಗಾದ್ರೂ 'ತಿನ್ನಿ' ಅಂತ ಹೇಳ್ಬೇಕು ಅನ್ಸುತ್ತೆ."

ನಮ್ಮ ತ್ಯಾಗರಾಜನಗರದ ಮನೆಯಿಂದ ನಾಲ್ಕು ರಸ್ತೆ ಆಚೆ ಮಹಿಳಾ ಸಂಘದವರದ್ದು ಒಂದು ಹಾಲ್ ಇದೆ. ಅಲ್ಲಿ ಪ್ರತಿ ಶನಿವಾರ ಸಲಾಡು ಕಲಿಸೋ ಕ್ಲಾಸು ಮಾಡಬೇಕು ಅಂತ ಅವಳ ಆಸೆ. ಎಣ್ಣೆ ಇಲ್ಲದ್ದು, ಹಗುರವಾದದ್ದು, ಸಕ್ಕರೆ ಕಾಯಿಲೆಯವರೂ ಹೊಟ್ಟೆ ತುಂಬ ತಿನ್ನಬಹುದಾದದ್ದು. ಸಂಘದ ಅಧ್ಯಕ್ಷಮ್ಮನ ಹತ್ತಿರ ನಾನೇ ಕರೆದುಕೊಂಡು ಹೋದೆ. ಹಾಲಿನ ಕೀಲಿ ಅವರ ಸೊಂಟದ ಗೊಂಚಲಿನಲ್ಲೇ ಇರುತ್ತೆ. ಯಾರಿಗೂ ಕೈಗೆ ಕೊಡಲ್ಲ, ತಾವೇ ಬಂದು ತೆಗೀತಾರೆ, ತಾವೇ ಬಂದು ಹಾಕ್ತಾರೆ.

"ಕೋಸಂಬರಿಗೆ ಇಂಗ್ಲಿಷ್ ಹೆಸರಿಟ್ಟು ಹಾಲ್ ಕೇಳ್ತಾ ಇದ್ದೀಯಲ್ಲಮ್ಮ," ಅಂದರು.

"ಕೋಸಂಬರಿ ಊಟದ ಜೊತೆಗೆ ಆಂಟಿ. ಇದೇ ಊಟ," ಅಂದಳು ಇವಳು.

ಅಧ್ಯಕ್ಷಮ್ಮ ನಗಲಿಲ್ಲ. "ಸರಿ, ಒಂದು ಸಲ ಮಾಡಿ ತೋರ್ಸು. ನಮ್ಮ ಹೆಂಗಸರು ತಿನ್ಬೇಕು, ತಿಂದು ಚೆನ್ನಾಗಿದೆ ಅನ್ಬೇಕು. ಅಂದ್ರೆ ಶನಿವಾರ ನಿಂದು. ತಟ್ಟೇಲಿ ಹಾಗೇ ಬಿಟ್ಟು ಎದ್ರೋ, ಯೋಗದವರು ಆರು ತಿಂಗಳಿಂದ ಕೇಳ್ತಾ ಇದ್ದಾರೆ, ಅವರಿಗೆ ಕೊಡ್ತೀನಿ."

ಯಾವ ಶನಿವಾರ ಅನ್ನೋದನ್ನ ಮೊಮ್ಮಗಳು ನನಗೆ ಬಿಟ್ಟಳು. ಮದುವೆ ಸೀಸನ್ನು. ಕ್ಯಾಲೆಂಡರ್ ಬಿಡಿಸಿ ನೋಡಿದೆ. ಆ ತಿಂಗಳಲ್ಲಿ ಮುಹೂರ್ತ ಇಲ್ಲದ ಶನಿವಾರ ಒಂದೇ ಒಂದು. ನಮ್ಮ ಹಳೇ ಯಜಮಾನರಿಗೆ ಫೋನ್ ಮಾಡಿದರೆ, "ಅವತ್ತು ಪೂರ್ತಿ ಗೋಡೌನೇ ತಗೊಂಡು ಹೋಗು ಮಾರಾಯ," ಅಂದರು. ಶನಿವಾರ ಅಂತ ಗೊತ್ತಿದ್ದೂ ನಮ್ಮ ಮನೆಯಾಕೆ ಒಂದೇ ಮಾತು ಕೇಳಿದಳು, "ಸೋಮವಾರ ಅಲ್ಲ ತಾನೆ?" ನಮ್ಮದು ಸೋಮವಾರ ಒಪ್ಪತ್ತು ಮಾಡೋ ಮನೆ. ಬೇರೆ ಯಾವ ಉಪವಾಸವೂ ನಮ್ಮಲ್ಲಿ ಇಲ್ಲ, ಹಾಗಾಗಿ ಬೇರೆ ಯಾವುದೂ ನಮ್ಮ ತಲೆಗೆ ಬರಲಿಲ್ಲ. ಅಲ್ಲಿಗೆ ದಿನ ಗೊತ್ತಾಯ್ತು.

ಆಮೇಲಿನ ವಾರವೆಲ್ಲ ನಮ್ಮ ಮನೇಲಿ ಬರೀ ಸಲಾಡು. ಸೌತೆಕಾಯಿ ಹೆಚ್ಚಿ ಉಪ್ಪು ಹಾಕಿಟ್ಟರೆ ಅರ್ಧ ಗಂಟೇಲಿ ಬಟ್ಟಲ ತುಂಬ ನೀರು. ಬೀಜ ತೆಗೆದು ಹೆಚ್ಚಿದರೆ ಅಷ್ಟಿಲ್ಲ. ಸೊಪ್ಪು ತೊಳೆದು ಹಾಗೇ ಹಾಕಿದರೆ ಎರಡೇ ಗಂಟೇಲಿ ಕಪ್ಪಗೆ ಕೊಳೆತ ಹಾಗೆ ಆಗುತ್ತೆ. ತಣ್ಣೀರಲ್ಲಿ ನೆನೆಸಿ, ಪಂಚೆ ಮೇಲೆ ಹರಡಿ, ಫ್ಯಾನ್ ಕೆಳಗೆ ಪೂರಾ ಒಣಗಿಸಿದರೆ ಸಂಜೆ ತನಕ ಗರಿಗರಿ. ಮೊಳಕೆ ಕಟ್ಟಿದ ಹೆಸರುಕಾಳಿಗೆ ಒಂದೇ ಒಂದು ಸಲ ಹಬೆ ತೋರಿಸಬೇಕು, ಇಲ್ಲದಿದ್ದರೆ ನನ್ನಂಥವನಿಗೆ ಅರಗಲ್ಲ. ಪಂಚೆ ಮೇಲೆ ಸೊಪ್ಪು ಒಣಗಿಸೋ ಕೆಲಸ ನಂದು, ಹಬೆ ನಮ್ಮ ಮನೆಯಾಕೇದು, ಹೆಚ್ಚೋದು ಬೆರೆಸೋದು ಮೊಮ್ಮಗಳದ್ದು. ನಾಲ್ಕನೇ ದಿನ ನಮ್ಮ ಮನೆಯಾಕೆ, "ಬಿಸಿ ಸಾರು ಕಂಡು ಎಷ್ಟು ಕಾಲ ಆಯ್ತು," ಅಂತ ಗೋಡೆಗೆ ಹೇಳಿದಳು. ನಾನು ಇನ್ನೊಂದು ಪಂಚೆ ಹರಡಿದೆ.

ಅಡುಗೆ ಅವರದ್ದಾದರೆ ಹಾಲ್ ನಂದು. ನನಗೆ ಇದ್ದ ಯೋಚನೆ ಹಿಂದಿನ ಸಾಲಿನವರದ್ದು. ಮಾಡಿ ತೋರಿಸೋ ಅಡುಗೆ ಅಂದರೆ ಬಟ್ಟಲ ಒಳಗೆ ಏನಾಗ್ತಿದೆ ಅನ್ನೋದು ಕಾಣಬೇಕು. ಹಿಂದೆ ಕೂತವರಿಗೆ ಕಾಣೋದು ಮುಂದಿನವರ ಮುಡಿ ಅಷ್ಟೇ. ಗೋಡೌನಿನಲ್ಲಿ ಮದುಮಗಳ ಕೋಣೆಗೆ ಕಳಿಸೋ ಒಂದು ದೊಡ್ಡ ಕನ್ನಡಿ ಇದೆ. ಅದನ್ನ ಆಟೋದಲ್ಲಿ ಕಂಬಳಿ ಸುತ್ತಿ ತಂದೆ. ಮೇಜಿನ ಹಿಂದೆ ಎರಡು ಪೈಪು ನಿಲ್ಲಿಸಿ, ಮೇಲೊಂದು ಅಡ್ಡ ಪೈಪು ಕಟ್ಟಿ, ಕನ್ನಡಿಯನ್ನ ಮೇಜಿನ ಮೇಲಕ್ಕೆ ಬಾಗೋ ಹಾಗೆ ನಾಲ್ಕು ಹಗ್ಗದಲ್ಲಿ ತೂಗುಹಾಕಿದೆ. ಹಿಂದಿನ ಎರಡು ಹಗ್ಗ ಸಡಿಲ ಮಾಡಿದಷ್ಟೂ ಕನ್ನಡಿ ಮುಂದಕ್ಕೆ ಬಾಗಿ ಕೆಳಗೆ ನೋಡುತ್ತೆ.

ಶನಿವಾರ ನಾಲ್ಕು ಗಂಟೆಗೆ ಹೆಂಗಸರು ಬರೋಕೆ ಶುರು ಮಾಡಿದರು. ನಾನು ಹಾಕಿಸಿದ ಕುರ್ಚಿ ಸಾಲದೆ ಜಮಖಾನ ಹಾಸಬೇಕಾಯ್ತು. ನನಗೆ ಎದೆ ತುಂಬಿ ಬಂತು. ಕನ್ನಡಿ ಮಾತ್ರ ಇನ್ನೂ ಸರಿ ಬಾಗಿರಲಿಲ್ಲ, ಮೇಜಿನ ಬದಲು ಸಭೆಯನ್ನೇ ತೋರಿಸ್ತಾ ಇತ್ತು. ಬಂದವರೆಲ್ಲ ಕೂತು, ತಲೆ ಎತ್ತಿ, ತಮ್ಮನ್ನ ತಾವು ನೋಡಿಕೊಂಡು ಹೂವು ಸರಿ ಮಾಡಿಕೊಳ್ಳೋರೇ.

"ಅಂಕಲ್, ಹಾಗೇ ಬಿಡಿ, ತುಂಬ ಚೆನ್ನಾಗಿದೆ," ಅಂದರು ಮುಂದಿನ ಸಾಲಲ್ಲಿ ನೀಲಿ ಸೀರೆ ಉಟ್ಟಿದ್ದ ನಮ್ಮ ಎಡಗಡೆ ಮನೆಯವರು.

ಏಣಿ ಹತ್ತಿ ಹಗ್ಗ ಸಡಿಲ ಮಾಡಿದೆ. ಮೇಜು ಬಂತು, ಜೊತೆಗೆ ಟ್ಯೂಬ್‌ಲೈಟಿನ ಬೆಳಕೂ ಬಂದು ಹಿಂದಿನವರ ಕಣ್ಣಿಗೆ ಹೊಡೀತು. ಟ್ಯೂಬಿನ ಮುಂದೆ ಶಾಮಿಯಾನದ ಬಿಳಿ ಬಟ್ಟೆ ಕಟ್ಟಿದೆ. ಆವಾಗ ನೋಡಬೇಕಿತ್ತು. ಬಿಳಿ ಬಟ್ಟೆ ಹಾಸಿದ ಮೇಜು, ಅದರ ಮೇಲೆ ಕ್ಯಾರೆಟ್ಟಿನ ಕೆಂಪು, ನವಿಲುಕೋಸಿನ ತೆಳು ಹಸಿರು, ದಾಳಿಂಬೆ, ಮೊಳಕೆ ಕಾಳು, ಎಲ್ಲ ಬಟ್ಟಲುಗಳೂ ಕನ್ನಡಿಯಲ್ಲಿ ರಂಗೋಲಿ ಇಟ್ಟ ಹಾಗೆ. ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಶುರುವಾಗೋ ಮುಂಚೆನೇ.

ಮೊಮ್ಮಗಳು ಮಾತ್ರ ಬಿಗಿದುಕೊಂಡಿದ್ದಳು. ಮೈಕ್ ಹಿಡಿದವಳು ನೆಲ ನೋಡ್ಕೊಂಡು ಆಸ್ಪತ್ರೆಯಲ್ಲಿ ಹೇಳೋ ಹಾಗೇ ಹೇಳಿದಳು. ನಾರಿನ ಅಂಶ, ಖನಿಜ, ಎಷ್ಟು ಗ್ರಾಂ ಏನು. ಕೈ ಮಾತ್ರ ಚುರುಕಾಗಿ ಹೆಚ್ಚುತ್ತಿತ್ತು, ಬಾಯಿ ಯಾರದ್ದೋ. ಮೊದಲನೇ ಸಲಾಡು ಮುಗೀತು. ನಾನು, ನಮ್ಮ ಮನೆಯಾಕೆ ಇಬ್ಬರೂ ತಟ್ಟೆ ಹಂಚಿದೆವು. ದೊಡ್ಡ ಲೋಟಗಳಲ್ಲಿ ಮಜ್ಜಿಗೆ ಹಂಚೋಣ ಅಂತ ಲೋಟಗಳನ್ನೂ ಜೋಡಿಸಿಟ್ಟಿದ್ದೆ.

ಎಲ್ಲರೂ ತಟ್ಟೆ ತಗೊಂಡರು. ತೊಡೆ ಮೇಲೆ ಇಟ್ಟುಕೊಂಡರು. ನೋಡಿದರು, ಮೂಸಿದರು, ಪಕ್ಕದವರನ್ನ ನೋಡಿ ನಕ್ಕರು. ಒಬ್ಬರೂ ಬಾಯಿಗೆ ಹಾಕಲಿಲ್ಲ.

ಶಾಮಿಯಾನದವನಿಗೆ ಊಟದ ಪಂಕ್ತಿಯ ಸದ್ದು ಗೊತ್ತಿರುತ್ತೆ. ಬಡಿಸಿದ ಸ್ವಲ್ಪ ಹೊತ್ತಿಗೆ ಮಾತು ನಿಂತು ಬಾಯಾಡೋ ಸದ್ದು ಶುರುವಾಗುತ್ತೆ. ಇಲ್ಲಿ ಮಾತೂ ನಿಂತಿತು, ಬಾಯೂ ಆಡಲಿಲ್ಲ. ನಾನು ನೀಲಿ ಸೀರೆಯವರ ಹತ್ತಿರ ಬಗ್ಗಿ, "ಯಾಕಮ್ಮ, ಏನಾದ್ರೂ ಹೆಚ್ಚುಕಮ್ಮಿ ಆಗಿದ್ಯಾ?" ಅಂದೆ.

"ಅಯ್ಯೋ ಇಲ್ಲ ಅಂಕಲ್, ನೋಡಿದ್ರೇ ಬಾಯಲ್ಲಿ ನೀರು. ಆದ್ರೆ ಇವತ್ತು ಸಂಕಷ್ಟಿ ಅಲ್ವಾ. ಚಂದ್ರನ್ನ ನೋಡೋ ತನಕ ನಾವು ಏನೂ ಮುಟ್ಟಲ್ಲ."

"ಎಲ್ಲರೂನಾ?"

ಅವರು ಹಿಂದಕ್ಕೆ ತಿರುಗಿ ನೋಡಿದರು. "ಈ ಸಂಘದಲ್ಲಿ ಸಂಕಷ್ಟಿ ಮಾಡದೇ ಇರೋರು ಯಾರಿದ್ದಾರೆ? ನಾವು ಸಂಘ ಕಟ್ಟಿದ್ದೇ ಗಣೇಶನ ಪೂಜೆಗೆ."

ಸಂಕಷ್ಟಿ ಅಂದರೆ ಚೌತಿ, ಚೌತಿ ದಿನ ಮದುವೆ ಇಟ್ಟುಕೊಳ್ಳಲ್ಲ. ಅದಕ್ಕೇ ಗೋಡೌನು ಖಾಲಿ. ಅದಕ್ಕೇ ಕುರ್ಚಿ, ಕನ್ನಡಿ, ಮೈಕು ಎಲ್ಲಾ ಸಲೀಸಾಗಿ ಸಿಕ್ಕಿದ್ದು. ಖಾಲಿ ದಿನ ಅಂತ ನಾನು ಆರಿಸಿದ್ದು ಹೊಟ್ಟೆ ಖಾಲಿ ಇಡೋ ದಿನವನ್ನ. ನನ್ನ ಕಾಲ ಕೆಳಗಿನ ಜಮಖಾನ ಯಾರೋ ಎಳೆದ ಹಾಗಾಯ್ತು.

ಅಧ್ಯಕ್ಷಮ್ಮನ ಹತ್ತಿರ ಹೋಗಿ, "ಮೇಡಂ, ಮೊದಲೇ ಒಂದು ಮಾತು ಹೇಳ್ಬಾರ್ದಿತ್ತಾ," ಅಂದೆ.

"ನೀವು ಜಾಗ ಕೇಳಿದ್ರಿ, ಕೊಟ್ಟೆ. ಜಾಗಕ್ಕೆ ಉಪವಾಸ ಇದ್ಯಾ? ಇಷ್ಟು ವಯಸ್ಸಾದವರು ಆರಿಸಿದ ದಿನ, ಏನೋ ಲೆಕ್ಕಾಚಾರ ಇರುತ್ತೆ ಅಂದ್ಕೊಂಡೆ." ಅಂದು ತಟ್ಟೆಯನ್ನ ಕುರ್ಚಿ ಕೆಳಗೆ ಇಟ್ಟರು. ಆಮೇಲೆ ಸ್ವಲ್ಪ ಮೆತ್ತಗೆ ಅಂದರು, "ಆದ್ರೆ ಮಾತು ಮಾತೇ ಯಜಮಾನ್ರೆ. ತಿನ್ನದೆ ನಾನು ಹೇಗೆ ಹೇಳ್ಲಿ?"

ಮೊಮ್ಮಗಳಿಗೆ ವಿಷಯ ಹೇಳಿದೆ. ಅವಳು ಚಾಕು ಕೆಳಗಿಟ್ಟಳು. ಬಯ್ಯಲಿ ಅಂತ ಕಾಯ್ತಾ ನಿಂತೆ, ಬಯ್ಯಲಿಲ್ಲ. ಕನ್ನಡಿ ಕಡೆ ತಲೆ ಎತ್ತಿ ನೋಡಿದಳು. ಅದರಲ್ಲಿ ಹೆಚ್ಚಿಟ್ಟ ತರಕಾರಿ ಎಲ್ಲ ಹಾಗೇ ಇತ್ತು, ಇನ್ನೂ ಮೂರು ಥರದ ಸಲಾಡಿಗೆ ಆಗೋವಷ್ಟು. ಒಂದು ಗುಟುಕು ನೀರು ಕುಡಿದು ಮೈಕ್ ತಗೊಂಡಳು.

"ಆಂಟಿ, ಒಂದು ಕೇಳ್ಲಾ? ಚಂದ್ರನ್ನ ನೋಡಿ ಪೂಜೆ ಆದ್ಮೇಲೆ ಮೊದಲು ಏನು ತಿಂತೀರಾ?"

ಹಾಲಿನ ತುಂಬ ಮಾತು ಎದ್ದಿತು. ಅವಲಕ್ಕಿ ಅಂದರು ಒಬ್ಬರು, ಕಡುಬು ಅಂದರು ಇನ್ನೊಬ್ಬರು. ನೀಲಿ ಸೀರೆಯವರು ಎದ್ದು ನಿಂತು, "ನಿಜ ಹೇಳ್ಬೇಕಾ? ಅಷ್ಟೊತ್ತಿಗೆ ಕಣ್ಣು ಕಾಣಲ್ಲ. ಕೈಗೆ ಸಿಕ್ಕಿದ್ದು ತಿಂತೀವಿ. ಕಡುಬು, ಬೋಂಡ, ಮಧ್ಯಾಹ್ನದ್ದು ಮಿಕ್ಕಿದ ಪುಳಿಯೋಗರೆ. ಆಮೇಲೆ ಬೆಳಗಿನ ತನಕ ಎದೆ ಉರಿ," ಅಂದರು.

ಎಲ್ಲರೂ ನಕ್ಕರು. ನಗು ನಿಲ್ಲೋ ತನಕ ಮೊಮ್ಮಗಳು ಕಾದಳು. ಆಮೇಲೆ ಅಂದಳು, "ಹಾಗಾದ್ರೆ ಇವತ್ತು ಇಲ್ಲಿ ಯಾರೂ ತಿನ್ನಬೇಡಿ. ಆಸ್ಪತ್ರೇಲಿ ದಿನಾ ಹೇಳೋ ಮಾತೇ ಇಲ್ಲೂ ಹೇಳೋ ಹಾಗಾಯ್ತು. ಆದ್ರೆ ಕೈ ತೊಳ್ಕೊಂಡು ಮೇಜಿನ ಹತ್ರ ಬನ್ನಿ. ನಿಮ್ಮ ಸಲಾಡು ನೀವೇ ಕಟ್ಕೊಂಡು ಹೋಗ್ತೀರಾ. ರಾತ್ರಿ ಚಂದ್ರ ಕಂಡ ತಕ್ಷಣ ಮೊದಲನೇ ತುತ್ತು ಇದೇ."

ಇದು ಅವಳು ಮನೇಲಿ ಅಭ್ಯಾಸ ಮಾಡಿಕೊಂಡು ಬಂದ ಕಾರ್ಯಕ್ರಮ ಅಲ್ಲ. ಬೆರೆಸಿದ ಸಲಾಡು ರಾತ್ರಿ ತನಕ ಉಳಿಯಲ್ಲ ಅನ್ನೋದು ನಮಗೆ ಮೂವರಿಗೂ ಗೊತ್ತು. ನನ್ನ ಕಡೆ ತಿರುಗಿ ಮೆಲ್ಲಗೆ, "ತಾತ, ಬೆರೆಸಬಾರ್ದು. ಒಂದರ ಮೇಲೊಂದು ಜೋಡಿಸ್ಬೇಕು. ಉದ್ದ ಡಬ್ಬ ಬೇಕಿತ್ತು," ಅಂದಳು.

"ಲೋಟ ಇದ್ಯಲ್ಲಮ್ಮ," ಅಂದೆ. ಮಜ್ಜಿಗೆಗೆ ತಂದ ದೊಡ್ಡ ಸ್ಟೀಲ್ ಲೋಟಗಳು, ತಲೆಗೊಂದು.

"ಮುಚ್ಚಳ?"

ಮೇಜಿನ ಅಂದಕ್ಕೆ ಅಂತ ನಾನು ಕಟ್ಟಿದ್ದ ಬಾಳೆಎಲೆಗಳನ್ನ ಬಿಚ್ಚಿದೆ. ನಮ್ಮ ಮನೆಯಾಕೆ ಕಾಳಿಗೆ ಹಬೆ ತೋರಿಸೋಕೆ ತಂದಿದ್ದ ಒಲೆ ಹಚ್ಚಿ ಎಲೆಯನ್ನ ಬೆಂಕಿ ಮೇಲೆ ಆಡಿಸಿದಳು. ಹಾಗೆ ಬಾಡಿಸಿದರೆ ಎಲೆ ಬಟ್ಟೆ ಥರ ಮಡಚುತ್ತೆ, ಸೀಳಲ್ಲ. ದಾರಕ್ಕೆ ಶಾಮಿಯಾನದವನ ಜೇಬಲ್ಲಿ ಬರ ಇಲ್ಲ.

ಅಷ್ಟರಲ್ಲಿ ಅಧ್ಯಕ್ಷಮ್ಮ ಒಂದು ತಕರಾರು ತೆಗೆದರು. "ಉಪ್ಪು ಹುಳಿ ಸರಿ ಇದೆ ಅಂತ ಹೇಳೋರ್ಯಾರು? ನಾವು ನಾಲಿಗೆಗೆ ಮುಟ್ಟಿಸೋ ಹಾಗಿಲ್ಲ. ನೀನೇ ಮಾಡಿ ನೀನೇ ಚೆನ್ನಾಗಿದೆ ಅಂದ್ರೆ ಆಯ್ತಾ?"

"ತಾತ ತಿನ್ನಲಿ," ಅಂತ ಹಿಂದಿನಿಂದ ಯಾರೋ ಕೂಗಿದರು.

ಇಡೀ ಸಭೆ ನನ್ನ ಬಾಯಿ ನೋಡ್ತಾ ಕೂತಿತು. ನನ್ನ ಹಲ್ಲು ಅರ್ಧ ನಂದು, ಅರ್ಧ ಡಾಕ್ಟರದ್ದು. ಮೊಮ್ಮಗಳು ನವಿಲುಕೋಸಿನ ತುಂಡಿಗೆ ನಿಂಬೆರಸ, ಉಪ್ಪು, ಮೆಣಸು, ಹುರಿದ ಜೀರಿಗೆಪುಡಿ ಹಚ್ಚಿ ಕೊಟ್ಟಳು. ಕೊಟ್ಟವಳು ಮೈಕ್ ಅನ್ನ ನನ್ನ ದವಡೆ ಹತ್ತಿರ ಹಿಡಿದಳು. ಕಚ್ಚಿದೆ. ಹಾಲಿನ ನಾಲ್ಕು ಮೂಲೆಯ ಸ್ಪೀಕರಿನಲ್ಲೂ ಕಟುಂ ಅಂತು. ಅಗಿದೆ, ಕುಟುಂ ಕುಟುಂ.

"ಅಂಕಲ್, ಮೈಕ್ ದೂರ ಇಟ್ಕೊಳ್ಳಿ. ನಮ್ಮ ಹೊಟ್ಟೆ ಉರಿಸ್ಬೇಡಿ," ಅಂದರು ನೀಲಿ ಸೀರೆಯವರು.

"ಉಪ್ಪು ಸರಿ ಇದ್ಯಾ ತಾತ?"

"ಇನ್ನೊಂದು ತುಂಡು ಕೊಡು, ಹೇಳ್ತೀನಿ."

ಸಭೆ ಬಿದ್ದು ಬಿದ್ದು ನಕ್ಕಿತು. ಮೊಮ್ಮಗಳೂ ನಕ್ಕಳು, ಹಲ್ಲು ಕಾಣೋ ಹಾಗೆ. ಅಲ್ಲಿಂದ ಮುಂದೆ ಅವಳ ಬಾಯಿ ಅವಳದ್ದಾಯ್ತು. ಗ್ರಾಂ ಲೆಕ್ಕ ಬಿಟ್ಟಳು. ಮನೇಲಿ ಅಜ್ಜಿ ಹತ್ತಿರ ಮಾತಾಡೋ ಹಾಗೆ ಮಾತಾಡಿದಳು.

"ಆಂಟಿ, ಕನ್ನಡಿ ನೋಡಿ. ಲೋಟದ ತಳದಲ್ಲಿ ಮೊದಲು ನಿಂಬೆರಸ, ಉಪ್ಪು, ಮೆಣಸು. ಅದರ ಮೇಲೆ ನೆನೆದಷ್ಟೂ ರುಚಿ ಆಗೋ ಗಟ್ಟಿ ತರಕಾರಿ, ನವಿಲುಕೋಸು, ಕ್ಯಾರೆಟ್. ಆಮೇಲೆ ಬೀಜ ತೆಗೆದ ಸೌತೆಕಾಯಿ. ಆಮೇಲೆ ಕಾಳು, ದಾಳಿಂಬೆ. ಸೊಪ್ಪು ಎಲ್ಲಕ್ಕಿಂತ ಮೇಲೆ, ಅದಕ್ಕೆ ಒದ್ದೆ ತಾಗ್ಲೇಬಾರ್ದು. ಈರುಳ್ಳಿ ಹಾಕಲ್ಲ, ಇವತ್ತು ನಿಮಗೆ ಆಗಲ್ಲ. ಮನೇಗೆ ಹೋಗಿ ಫ್ರಿಜ್ಜಲ್ಲಿ ನೆಟ್ಟಗೆ ನಿಲ್ಲಿಸಿ. ರಾತ್ರಿ ಎಲೆ ಬಿಚ್ಚಿ, ಮೇಲೆ ತಟ್ಟೆ ಮುಚ್ಚಿ, ಬೋರಲು ಹಾಕಿ ತಳಕ್ಕೆ ಒಂದು ಏಟು ಕೊಡಿ. ತಳದಲ್ಲಿರೋ ರಸ ಎಲ್ಲದರ ಮೇಲೂ ತಾನೇ ಇಳಿಯುತ್ತೆ."

ಹೆಂಗಸರು ಸಾಲಾಗಿ ಬಂದು ಲೋಟ ತುಂಬಿದರು. ಒಬ್ಬರು ಸೊಪ್ಪು ಮೊದಲು ಹಾಕಿ ಬಯ್ಸಿಕೊಂಡರು. ಇನ್ನೊಬ್ಬರು ಅಭ್ಯಾಸಬಲದಿಂದ ಬೆರಳು ನೆಕ್ಕೋಕೆ ಹೋದಾಗ ಮೂರು ಜನ ಕೈ ಹಿಡಿದರು. ನಾನು, ನಮ್ಮ ಮನೆಯಾಕೆ ಎಲೆ ಮುಚ್ಚಿ ದಾರ ಕಟ್ಟಿದೆವು. ಅಧ್ಯಕ್ಷಮ್ಮ ಕೊನೆಗೆ ಬಂದು, ಮುಖದಲ್ಲಿ ಏನೂ ತೋರಿಸದೆ, ಅಳತೆ ಮಾಡಿದ ಹಾಗೆ ತುಂಬಿಕೊಂಡು ಹೋದರು. ತಟ್ಟೆಗಳಲ್ಲಿ ಹಂಚಿದ್ದು ಹಾಗೇ ಇತ್ತಲ್ಲ, ಅನ್ನ ಚೆಲ್ಲೋ ಮನೆ ನಮ್ಮದಲ್ಲ. ನಮ್ಮ ಮನೆಯಾಕೆ ಪಕ್ಕದ ಮೈದಾನದಲ್ಲಿ ಶಟಲ್ ಆಡ್ತಿದ್ದವರನ್ನ ಕರೆದಳು. ಅವರು ಒಂದು ಕಾಳು ಉಳಿಸಲಿಲ್ಲ. ಆದರೆ ಹಾಲ್ ಕೊಡೋ ಮಾತು ಅವರ ಕೈಯಲ್ಲಿರಲಿಲ್ಲ.

ರಾತ್ರಿ ಒಂಬತ್ತರ ಹೊತ್ತಿಗೆ ನಾವು ಮೂವರೂ ನಮ್ಮ ತಾರಸಿ ಮೇಲಿದ್ದೆವು. ಮೋಡ. ಚಂದ್ರ ಬರೋ ದಿಕ್ಕಿನಲ್ಲಿ ಬರೀ ಬೂದು ಬಣ್ಣ. ಸುತ್ತಮುತ್ತಲ ತಾರಸಿಗಳಲ್ಲೆಲ್ಲ ಹೆಂಗಸರು, ಒಂದು ಕೈಲಿ ಆರತಿ ತಟ್ಟೆ, ಪಕ್ಕದ ಗೋಡೆ ಮೇಲೆ ಬಾಳೆಎಲೆ ಮುಚ್ಚಿದ ನಮ್ಮ ಲೋಟ. ಮೊಮ್ಮಗಳು ನನ್ನ ತೋಳು ಹಿಡಿದುಕೊಂಡು, "ತಾತ, ಸೊಪ್ಪು ಬಾಡಿರುತ್ತೆ," ಅಂದಳು. "ಬಾಡಿರಲ್ಲ," ಅಂದೆ. ನನಗೇನು ಗೊತ್ತು. ಸ್ವಲ್ಪ ಹೊತ್ತಿಗೆ, "ಉಪ್ಪು ಕೆಳಗೇ ಕೂತಿದ್ರೆ?" ಅಂದಳು. "ಸುಮ್ನಿರು ಕಂದ," ಅಂದಳು ಅವಳ ಅಜ್ಜಿ.

ಮೋಡ ಸರೀತು. ಚಂದ್ರ ಬಂದ, ಒಂದು ಕಡೆ ಸವೆದು, ಕೆಂಪಗೆ. ತಾರಸಿಗಳಲ್ಲಿ ಗಂಟೆ ಅಲ್ಲಾಡಿತು, ಆರತಿ ಬೆಳಗಿತು, ಆಮೇಲೆ ಎಲ್ಲಾ ನಿಶ್ಶಬ್ದ. ಎಡಗಡೆ ಮನೆ ತಾರಸಿಯಿಂದ ಒಂದು ಸದ್ದು ಬಂತು. ಟಣ್. ಸ್ಟೀಲ್ ಲೋಟದ ತಳಕ್ಕೆ ಏಟು. ಹಿಂದಿನ ಬೀದಿಯಿಂದ ಇನ್ನೊಂದು, ಟಣ್. ಆಮೇಲೆ ಎದುರುಗಡೆ, ಆಮೇಲೆ ಎಲ್ಲೋ ದೂರ. ಮದುವೆ ಮನೇಲಿ ಸಾವಿರ ಸಲ ಲೋಟದ ಸದ್ದು ಕೇಳಿದವನು ನಾನು, ಆ ರಾತ್ರಿ ಕೇಳಿದ ಹಾಗೆ ಯಾವತ್ತೂ ಕೇಳಿಲ್ಲ. ಸ್ವಲ್ಪ ಹೊತ್ತಿಗೆ ಎಡಗಡೆಯಿಂದ ಕಟುಂ ಕುಟುಂ ಅನ್ನೋದೂ ಕೇಳಿಸಿತು. ನೀಲಿ ಸೀರೆಯವರು ಬಾಯಿ ತುಂಬಿಕೊಂಡೇ ಕೂಗಿದರು, "ಅಂಕಲ್, ಮೈಕ್ ಇದ್ಯಾ?"

ಮೊಮ್ಮಗಳು ನಕ್ಕಳು, ಆದರೆ ಪೂರ್ತಿ ನಗಲಿಲ್ಲ. ಅಧ್ಯಕ್ಷಮ್ಮನ ಮನೆ ನಾಲ್ಕು ರಸ್ತೆ ಆಚೆ. ಅವರ ಲೋಟದ ಸದ್ದು ನಮಗೆ ಕೇಳೋ ಹಾಗಿಲ್ಲ.

ಬೆಳಗ್ಗೆ ಲೋಟಗಳು ವಾಪಸ್ ಬರೋಕೆ ಶುರುವಾಯ್ತು. ನಮ್ಮ ಕಸುಬಿನಲ್ಲಿ ವಾಪಸ್ ಬರೋ ಲೋಟ ಅಂದರೆ ಖಾಲಿ, ಜೊತೆಗೆ ಅಂಟು ಅಂಟು. ಇವು ಬಾಡಿಗೆ ಲೋಟ ಅನ್ನೋದನ್ನ ಆ ಹೆಂಗಸರು ಮರೆತೇಬಿಟ್ಟಿದ್ದರು. ಪಕ್ಕದ ಮನೆ ಪಾತ್ರೆಯನ್ನ ಬರಿದಾಗಿ ವಾಪಸ್ ಕೊಡಲ್ಲವಲ್ಲ, ಹಾಗೇ ಕೊಟ್ಟರು. ಬೆಳಗಿ ಒರೆಸಿದ ಲೋಟ, ಒಂದರಲ್ಲಿ ಸಕ್ಕರೆ, ಒಂದರಲ್ಲಿ ಹಿಡಿ ಅವರೆಕಾಳು, ಒಂದರಲ್ಲಿ ಎರಡು ನಿಂಬೆಹಣ್ಣು. ನೀಲಿ ಸೀರೆಯವರದ್ದರಲ್ಲಿ ಕರಿಬೇವು, ಜೊತೆಗೆ, "ಎದೆ ಉರಿ ಇಲ್ಲದೆ ಮಲಗಿದೆ ಅಂತ ನಿಮ್ಮ ಹುಡುಗಿಗೆ ಹೇಳಿ" ಅನ್ನೋ ಮಾತು. ಜಗಲಿ ಮೇಲೆ ಲೋಟ ಸಾಲಾಗಿ ಇಡ್ತಾ ನನಗೆ ಕಣ್ಣು ತುಂಬಿ ಬಂತು. ನಮ್ಮ ಮನೆಯಾಕೆ, "ಈರುಳ್ಳಿ ಹೆಚ್ಚಿಲ್ವಲ್ರೀ," ಅಂದಳು.

ಕೊನೆಗೆ ಅಧ್ಯಕ್ಷಮ್ಮ ತಾವೇ ಬಂದರು. ಗೇಟಿನ ಹತ್ತಿರವೇ ನಿಂತು ಲೋಟ ಕೊಟ್ಟರು. ಅದೇ ಎಲೆ, ಅದೇ ದಾರ, ಗಂಟು ಮಾತ್ರ ಅವರದ್ದು.

"ಲೆಕ್ಕ ಸರಿ ಹೋಯ್ತಾ ನೋಡ್ಕೊಳ್ಳಿ ಯಜಮಾನ್ರೆ. ಉಪ್ಪು ಒಂದು ಚಿಟಿಕೆ ಕಮ್ಮಿ ಇತ್ತು. ನೀವು ಎರಡು ತುಂಡು ತಿಂದು ಏನು ನೋಡಿದ್ರೋ. ಮುಂದಿನ ಶನಿವಾರ ಸರಿ ಮಾಡ್ಲಿ."

ಹೇಳಿ ತಿರುಗಿ ಹೊರಟರು. ನಡೆಯುವಾಗ ಅವರ ಸೊಂಟದ ಗೊಂಚಲಿನ ಸದ್ದು ಕಮ್ಮಿ ಅನ್ನಿಸಿತು. ಲೋಟ ಅಲ್ಲಾಡಿಸಿದೆ. ಒಳಗೆ ಏನೋ ಭಾರವಾಗಿ ಉರುಳಿತು. ನಾನು ಎಲೆ ಬಿಚ್ಚಲಿಲ್ಲ.

ಮೊಮ್ಮಗಳು ಆಗ ತಾನೇ ಎದ್ದು, ತಲೆ ಕೆದರಿಕೊಂಡು, ಖಾಲಿ ತಟ್ಟೆ ಮುಂದೆ ಇಡ್ಲಿಗೆ ಕಾಯ್ತಾ ಕೂತಿದ್ದಳು. ಎದುರಿಗೆ ಕೂತೆ. ದಾರ ಬಿಚ್ಚಿ, ಎಲೆ ತೆಗೆದು, ಅವಳ ತಟ್ಟೆ ಮೇಲೆ ಲೋಟ ಬೋರಲು ಹಾಕಿ, ತಳಕ್ಕೆ ಒಂದು ಏಟು ಕೊಟ್ಟೆ.

ಟಣ್.

"ತಿನ್ನು ಅಂತ ಹೇಳೋಕೆ ಹೋಗು ಕಂದ," ಅಂದು ಲೋಟ ಎತ್ತಿದೆ. ತಟ್ಟೆಯಲ್ಲಿ ಹಾಲಿನ ಕೀಲಿ ಇತ್ತು.